ತಂಬುಳಿಯಲ್ಲಿ ಬೆರೆಸಿದ ಮದ್ದು

ಹೋದ ತಿಂಗಳು ಯಲ್ಲಾಪುರದಲ್ಲಿ ಒಂದು ತರಬೇತಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಕಿರಿಯ ಶಿಕ್ಷಕಿಯೊಬ್ಬಳು ಪಕ್ಕಕ್ಕೆ ಬಂದು ಕೂತಳು. ನನ್ನ ಆಯಿಯ ವಿಷಯ ಯಾರಿಂದಲೋ ಕೇಳಿದ್ದಳಂತೆ. ಅವಳ ಅಪ್ಪನಿಗೆ ರಾತ್ರಿ ನಿದ್ದೆಯಿಲ್ಲ, ತೋಟದಲ್ಲಿ ಯಾರೋ ಹೊಂಚು ಹಾಕಿದ್ದಾರೆಂದು ಕತ್ತಿ ಹಿಡಿದು ಕೂರುತ್ತಾರೆ, ಗುಳಿಗೆ ಕೊಟ್ಟರೆ ಉಗಿಯುತ್ತಾರೆ. "ಅಕ್ಕೋರೆ, ಕಾಫಿಯಲ್ಲಿ ಹಾಕಿಕೊಟ್ಟರೆ ತಪ್ಪಾ?" ಎಂದಳು. ಅನ್ನ ಕಲಸುತ್ತಿದ್ದ ನನ್ನ ಕೈ ನಿಂತಿತು.

ಆಯಿಗೆ ಕಾಯಿಲೆ ಶುರುವಾದದ್ದು 2003ರ ಮಳೆಗಾಲದಲ್ಲಿ. ಸಿದ್ದಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪಯ್ಯ ತೀರಿಕೊಂಡು ವರ್ಷ ತುಂಬಿತ್ತು. ಪಕ್ಕದ ಮನೆಯವರು ಬಾವಿಗೆ ವಿಷ ಹಾಕುತ್ತಾರೆ, ಅಡಿಗೆಯಲ್ಲಿ ಏನೋ ಬೆರೆಸುತ್ತಾರೆ ಎಂದು ಹೇಳತೊಡಗಿದಳು. ಎಲ್ಲರಂತೆ ನಾವೂ ಮೊದಲು ನಿಮಿತ್ತ ಕೇಳಿಸಿದೆವು, ಶಿರಸಿಯ ಮಾರಿಕಾಂಬೆಗೆ ಹರಕೆ ಹೊತ್ತೆವು. ಆಮೇಲೆ ಒಂದು ಖಾಸಗಿ ಆಸ್ಪತ್ರೆ. ಹನ್ನೊಂದು ದಿನಕ್ಕೆ ನನ್ನ ಮೂರು ತಿಂಗಳ ಸಂಬಳ ಹೋಯಿತು, ಕೈಯ ಬಳೆಯೂ ಹೋಯಿತು. ಕಾಯಿಲೆಯ ಹೆಸರೇನೆಂದು ಮಾತ್ರ ಅಲ್ಲಿ ಯಾರೂ ಕೂರಿಸಿ ಹೇಳಲಿಲ್ಲ.

ಧಾರವಾಡದ ಸರ್ಕಾರಿ ಆಸ್ಪತ್ರೆ ಗೊತ್ತಿರಲಿಲ್ಲವೆಂದಲ್ಲ. 1845ರಷ್ಟು ಹಿಂದೆ ಶುರುವಾದ ಆಸ್ಪತ್ರೆ ಅದು, ಗೊತ್ತಿಲ್ಲದೆ ಹೇಗಿರುತ್ತದೆ? ನಮ್ಮ ಕಡೆ "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದರೆ ಅದೊಂದು ಬೈಗುಳ. ಆ ಬೈಗುಳಕ್ಕೆ ಹೆದರಿಯೇ ಖಾಸಗಿಯವರಿಗೆ ದುಡ್ಡು ಸುರಿದದ್ದು. ಬಡತನಕ್ಕಿಂತ ಮರ್ಯಾದೆಯೇ ನಮಗೆ ದುಬಾರಿಯಾಯಿತು. ಮುಂಡಗೋಡ ದಾಟಿ ಹುಬ್ಬಳ್ಳಿ, ಅಲ್ಲಿಂದ ಧಾರವಾಡ ಅಂತ ಬಸ್ಸು ಹತ್ತಿದ್ದು ಕೈ ಖಾಲಿಯಾದ ಮೇಲೆಯೇ. ಅಲ್ಲಿ ಚೀಟಿ ಮಾಡಿಸಲು, ಮದ್ದಿಗೆ ಆದ ಖರ್ಚು ಬಸ್ ಚಾರ್ಜಿಗಿಂತ ಕಡಿಮೆ. (2009ರಿಂದ ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್. ಹೆಸರು ಬದಲಾಯಿತು, ಬೈಗುಳ ಹಾಗೇ ಉಳಿದಿದೆ.)

ಮದ್ದು ಸಿಕ್ಕಿತು. ನುಂಗುವವರು ಯಾರು? "ಯಂಗೆ ಹುಚ್ಚಿಲ್ಲೆ" ಎಂದು ಆಯಿ ಗುಳಿಗೆಯನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಬಣ್ಣ ರುಚಿ ಇಲ್ಲದ ಹನಿಮದ್ದೂ ಬರುತ್ತದೆ ಎಂದು ಯಾರೋ ಹೇಳಿದರು. ಅಂದಿನಿಂದ ಅದು ಅವಳ ಒಂದೆಲಗದ ತಂಬುಳಿಗೆ ಬಿತ್ತು. ಮೂರು ವಾರದಲ್ಲಿ ನಿದ್ದೆ ಬಂತು, ತಲೆ ಬಾಚಿಕೊಂಡಳು, ಅಡಿಕೆ ಸುಲಿಯಲು ಕೂತಳು. ಸುಳ್ಳು ಹೇಳುವುದೇಕೆ, ನಾನು ಗೆದ್ದೆ ಅಂದುಕೊಂಡೆ.

ಒಂದು ಸಂಜೆ ಒಳಬಾಗಿಲಲ್ಲಿ ನಿಂತು ನೋಡಿಬಿಟ್ಟಳು. ಸೀಸೆ ನನ್ನ ಕೈಯಲ್ಲಿತ್ತು. ಕೂಗಾಡಲಿಲ್ಲ. "ಎಂತ ಹಾಕಿದ್ಯೇ ಇದ್ರಲ್ಲಿ, ಕೂಸೇ?" ಎಂದಷ್ಟೇ ಕೇಳಿದಳು.

ಯೋಚಿಸಿ ನೋಡಿ. ಅನ್ನದಲ್ಲಿ ಏನೋ ಬೆರೆಸುತ್ತಾರೆ ಎನ್ನುವುದೇ ಅವಳ ಕಾಯಿಲೆ. ಹಾಗಿಲ್ಲ, ಅದು ನಿನ್ನ ಭ್ರಮೆ ಎಂದು ನೂರು ಸಲ ಹೇಳಿದವಳು ನಾನು. ಅದನ್ನು ನಿಜ ಮಾಡಿದವಳೂ ನಾನೇ. ಆ ಮನೆಯಲ್ಲಿ ಅಂದು ಸತ್ಯ ಹೇಳುತ್ತಿದ್ದವಳು ಅವಳೊಬ್ಬಳೇ.

ಆಮೇಲೆ ನಾನು ಮುಟ್ಟಿದ ನೀರನ್ನೂ ಕುಡಿಯಲಿಲ್ಲ. ಕಾಯಿಲೆ ತಿರುಗಿ ಬಂತು. ಮತ್ತೆ ಧಾರವಾಡದಲ್ಲಿ, ಡಾಕ್ಟರ ಎದುರಿಗೇ ಅವಳಿಗೆ ಎಲ್ಲ ಹೇಳಿದೆ: ಯಾವ ಮದ್ದು, ಎಷ್ಟು ಹನಿ, ಎಷ್ಟು ದಿನ. ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ನೂ ಇದೆ, ದಿನದಿನದ ಜಗಳ ತಪ್ಪುತ್ತದೆ ಎಂದು ಅವರು ಅವಳಿಗೇ ವಿವರಿಸಿದರು. ತುಂಬ ಹೊತ್ತು ಸುಮ್ಮನಿದ್ದಳು. ಕಡೆಗೆ ಒಂದು ಶರತ್ತು ಹಾಕಿದಳು: ಇನ್ನು ಮೇಲೆ ಮನೆಯ ಅಡಿಗೆ ಅವಳದೇ, ನಾನು ಒಲೆಯ ಹತ್ತಿರ ಬರಕೂಡದು. ಒಪ್ಪಿದೆ. ಕಣ್ಣೆದುರು ಚುಚ್ಚಿಸಿಕೊಂಡರೆ ಅದರಲ್ಲಿ ಮೋಸವಿಲ್ಲ ಅನ್ನಿಸಿರಬೇಕು.

2017ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ ಬಂತು, ಮರುವರ್ಷ ಜಾರಿಯಾಯಿತು. ಮನಸ್ಸಿನ ಕಾಯಿಲೆಯವರಿಗೂ ತಮ್ಮ ಚಿಕಿತ್ಸೆಯನ್ನು ತೀರ್ಮಾನಿಸುವ ಶಕ್ತಿ ಇದೆಯೆಂದೇ ಮೊದಲು ಎಣಿಸಬೇಕು ಎಂದು ಅದು ಹೇಳುತ್ತದೆ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮುಂಚಿತವಾಗಿ ಬರೆದಿಡಲೂಬಹುದು. ಓದಿದಾಗ ನಾಚಿಕೆಯಾಯಿತು. ಸಿಟ್ಟೂ ಬಂತು. ಕತ್ತಿ ಹಿಡಿದು ಕೂತವರ ಮುಂದೆ, ರಾತ್ರಿ ಎರಡು ಗಂಟೆಗೆ, ಅರವತ್ತು ಮೈಲಿಯಾಚೆಯ ಡಾಕ್ಟರನ್ನು ನೆನೆಯುತ್ತ ಒಂಟಿ ಹೆಣ್ಣೊಬ್ಬಳು ಯಾವ ಒಪ್ಪಿಗೆ ಪಡೆಯಬೇಕು? ಮದ್ದು ಬೆರೆಸುವವರೆಲ್ಲ ಕಟುಕರಲ್ಲ. ಹೆಚ್ಚಿನವರು ಹತ್ತಿರದಲ್ಲಿ ಡಾಕ್ಟರಿಲ್ಲದವರು. ಈ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರಬಹುದೆಂದು ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಿಂದಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋರೋಗ ತಜ್ಞರು ನೋಡುವ ‘ಮನೋಚೈತನ್ಯ’ ಬಂದದ್ದು 2014ರಲ್ಲಿ. ನಡುವಿನ ವರ್ಷಗಳಲ್ಲಿ ಎಷ್ಟು ಮನೆಗಳ ಕಾಫಿಗೆ ಏನೇನು ಬಿದ್ದಿರಬಹುದು!

ಆಯಿಗೀಗ ಎಪ್ಪತ್ತು ದಾಟಿದೆ. ಪೂರ್ತಿ ಗುಣವಾಗಿಲ್ಲ. ಬಾವಿಯ ಮಾತು ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ ಬರುತ್ತದೆ. ಇಂದಿಗೂ ಅಡಿಗೆ ಅವಳದೇ. ತಂಬುಳಿ ಬಡಿಸುವಾಗ ಕೆಲವು ಸಲ "ಹೆದ್ರಡ, ಎಂತೂ ಹಾಕಿದ್ನಿಲ್ಲೆ" ಎನ್ನುತ್ತಾಳೆ. ಅದು ತಮಾಷೆಯೋ, ಇನ್ನೂ ಆರದ ನೋವೋ ನನಗೆ ತಿಳಿದಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ಯಲ್ಲಾಪುರದ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಮೊದಲು ಆ ಕತ್ತಿಯನ್ನು ಮನೆಯಿಂದಾಚೆ ಇಡು, ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಯಾವಾಗ ಬರುತ್ತಾರೆಂದು ವಿಚಾರಿಸು, ಅಪ್ಪ ಬರಲೊಪ್ಪದಿದ್ದರೆ ನೀನೊಬ್ಬಳೇ ಹೋಗಿ ಮಾತಾಡು ಎಂದೆ. 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು, ಆ ನಂಬರನ್ನೂ ಬರೆದುಕೊಟ್ಟೆ. ಬಡತನ ರೇಖೆಗಿಂತ ಕೆಳಗಿದ್ದರೆ, ಬಿ.ಪಿ.ಎಲ್. ಕಾರ್ಡಿಲ್ಲದಿದ್ದರೂ, ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಪುಕ್ಕಟೆ ಸಿಗಬೇಕೆಂದು ಕಾಯ್ದೆಯೇ ಹೇಳಿದೆ ಎಂದೂ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಲ್ಲಿವರೆಗೆ ಕಾಫಿಯಲ್ಲಿ...?" ಎಂದಳು.

ಗಂಟೆ ಹೊಡೆಯಿತು. ಡಬ್ಬಿ ಮುಚ್ಚಿ ಇಬ್ಬರೂ ಎದ್ದೆವು.