ಕಿಸೆಯಿಲ್ಲದ ಅಂಗಿ ಮತ್ತು ಸ್ಟೋಯಿಕರ ಸಂಯಮ

ರೋಮಿನ ಸ್ಟೋಯಿಕ ದಾರ್ಶನಿಕರು ಸದ್ಗುಣವೊಂದನ್ನೇ ಶ್ರೇಯಸ್ಸೆಂದು ಎಣಿಸಿ, ಸಂಪತ್ತು, ಆರೋಗ್ಯ, ಕೀರ್ತಿಗಳನ್ನು ಉದಾಸೀನ ವಸ್ತುಗಳೆಂದು, ಅಂದರೆ ತಮ್ಮಷ್ಟಕ್ಕೆ ಒಳ್ಳೆಯವೂ ಕೆಟ್ಟವೂ ಅಲ್ಲದವೆಂದು ಕರೆದರು. ಇವುಗಳಲ್ಲಿ ಕೆಲವನ್ನು ಬಯಸಿ ಪಡೆಯಬಹುದೆಂದೂ ಅವರು ಒಪ್ಪಿದ್ದರಿಂದಲೇ, ನೀರೋನ ಗುರುವಾಗಿದ್ದು ಅಪಾರ ಐಶ್ವರ್ಯ ಕೂಡಿಸಿದ ಸೆನೆಕನೂ, ಗುಲಾಮನಾಗಿದ್ದ ಎಪಿಕ್ಟೆಟಸನೂ, ಕ್ರಿ.ಶ. 161ರಿಂದ 180ರವರೆಗೆ ಆಳಿದ ಚಕ್ರವರ್ತಿ ಮಾರ್ಕಸ್ ಔರೇಲಿಯಸನೂ ಒಂದೇ ಪಂಥದವರೆನಿಸಿಕೊಂಡರು. ಸೆನೆಕನ ನುಡಿಗೂ ನಡೆಗೂ ಹೊಂದಿಕೆಯಿಲ್ಲವೆಂಬ ಆಕ್ಷೇಪ ಅವನ ಕಾಲದಲ್ಲೇ ಇತ್ತು. ಅದನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕಲು ಬರುವುದಿಲ್ಲ.

ಜತ್ತ ತಾಲ್ಲೂಕಿನ ಬಾಲಗಾಂವದ ಸುತ್ತಲಿನ ಕನ್ನಡಿಗರಿಗೆ, ನುಡಿಗೆ ತಕ್ಕ ನಡೆಯ ಸಂಯಮವೆಂದೊಡನೆ ನೆನಪಾಗಬಹುದಾದ ಹತ್ತಿರದ ನಿದರ್ಶನ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರದು. ಹಣ ಮುಟ್ಟದ ಅವರ ಬಿಳಿ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು ಸನ್ಯಾಸಿಯಾದ ತಮಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ಪ್ರಧಾನಿಗೆ ಪತ್ರ ಬರೆದು ವಿನಯದಿಂದಲೇ ನಿರಾಕರಿಸಿದರು.

ಸ್ಟೋಯಿಕರ ಅಳತೆಯಲ್ಲಿ ಈ ನಿರಾಕರಣೆ ಅನಿವಾರ್ಯವೇನಲ್ಲ. ಪ್ರಶಸ್ತಿ ಉದಾಸೀನ ವಸ್ತುವಾದ ಮೇಲೆ ಪಡೆದರೂ ದೋಷವಿಲ್ಲ, ಬಿಟ್ಟರೂ ಪುಣ್ಯವಿಲ್ಲ. ಯಾವ ತೀರ್ಮಾನದಿಂದ ಬಿಟ್ಟದ್ದು ಎಂಬುದಷ್ಟೇ ಎಪಿಕ್ಟೆಟಸನ ಪ್ರಶ್ನೆಯಾಗುತ್ತಿತ್ತು. ಆದರೆ ಸ್ವಾಮೀಜಿಯವರ ಅಂತಿಮ ಪತ್ರ ಈ ಅಳತೆಯನ್ನು ಮೀರುತ್ತದೆ. ಮಠದ ಸ್ವಾಮಿಗಳನ್ನು ಸಮಾಧಿ ಮಾಡಿ ಗದ್ದುಗೆ ಕಟ್ಟುವ ರೂಢಿಯಿರುವ ನಾಡಿನಲ್ಲಿ, ತಮ್ಮ ದೇಹವನ್ನು ಭೂಮಿಗಿಡದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕೂಡದು ಎಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಲಿಂಗೈಕ್ಯರಾದಾಗ ಭಕ್ತರು ಅದರಂತೆಯೇ ನಡೆದುಕೊಂಡರು.

ಮರಣಾನಂತರದ ಕೀರ್ತಿ ಪೊಳ್ಳೆಂದು ಮಾರ್ಕಸನೂ ತನ್ನ ಚಿಂತನೆಗಳಲ್ಲಿ ಮತ್ತೆ ಮತ್ತೆ ಬರೆದುಕೊಂಡ. ಆದರೂ ಅವನ ಯುದ್ಧಗಳನ್ನು ಕೆತ್ತಿದ ಎತ್ತರದ ಸ್ತಂಭ ರೋಮಿನಲ್ಲಿ ಇಂದಿಗೂ ನಿಂತಿದೆ. ಅದಕ್ಕೆ ಅವನನ್ನು ದೂರುವಂತಿಲ್ಲ. ಪರರ ಅಭಿಪ್ರಾಯವೂ ಅವರ ನಡೆಯೂ ನಮ್ಮ ಕೈಯಲ್ಲಿಲ್ಲ, ಆದುದರಿಂದ ಅವುಗಳ ಚಿಂತೆ ಬೇಡ ಎಂಬುದು ಆ ಪಂಥದ ಮೂಲ ಪಾಠ. ಸ್ವಾಮೀಜಿಯವರಾದರೋ ಭಕ್ತರ ಮೋಹವನ್ನೂ ತಮ್ಮ ಹೊಣೆಯೆಂದೇ ತಿಳಿದು, ಗದ್ದುಗೆಗೆ ಎಡೆಯೇ ಉಳಿಯದಂತೆ ಮೊದಲೇ ಏರ್ಪಾಡು ಮಾಡಿದ್ದರು.