ದೋಷವು ಜಾತಿಯದೋ, ವ್ಯಕ್ತಿಯದೋ?

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನು ಮೊದಮೊದಲು ಕಲಿಯುವ ಮಾತುಗಳಲ್ಲಿ ಜಾತಿ, ವ್ಯಕ್ತಿ ಎಂಬೆರಡು ಇರುವುವು. ಅನೇಕ ಗೋವುಗಳಲ್ಲಿ ಒಂದೇ ಆಗಿ ನೆಲೆಸಿರುವ ಗೋತ್ವವು ಜಾತಿ. ಕೊಟ್ಟಿಗೆಯಲ್ಲಿ ಕಟ್ಟಿರುವ ಈ ಹಸುವು ವ್ಯಕ್ತಿ. ಇಷ್ಟನ್ನು ಒಪ್ಪಿದ ಮೇಲೆಯೂ ಒಂದು ಸಂದೇಹವು ಉಳಿಯುವುದು. ಒಂದು ವಸ್ತುವಿನಲ್ಲಿ ಕಂಡ ದೋಷವನ್ನು ಜಾತಿಯ ಲೆಕ್ಕಕ್ಕೆ ಬರೆಯಬೇಕೋ, ವ್ಯಕ್ತಿಯ ಲೆಕ್ಕಕ್ಕೆ ಬರೆಯಬೇಕೋ? ಮನುಷ್ಯರ ವಿಷಯದಲ್ಲಿ ಇದನ್ನು ಎತ್ತಿದೊಡನೆಯೇ ಸಭೆಯಲ್ಲಿ ಕೋಪವುಂಟಾಗುವುದರಿಂದ, ಯಾರ ಅಭಿಮಾನಕ್ಕೂ ಪಾತ್ರವಲ್ಲದ ಒಂದು ಬೂಷ್ಟಿನ ವಿಷಯದಲ್ಲಿ ವಿಚಾರ ಮಾಡೋಣ.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿಮಿಶ್ರಿತ ಹಸುರುಬಣ್ಣದ ಶಿಲೀಂಧ್ರವೊಂದುಂಟು. ಅದು ಹೊಲದ ಮಣ್ಣಿನಲ್ಲಿದ್ದು ಕಡಲೆಕಾಯಿ, ಮೆಕ್ಕೆಜೋಳ, ಹತ್ತಿಬೀಜಗಳಿಗೆ ಹತ್ತುವುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿಕೋಳಿಗಳು ಸತ್ತುವು. ಅವು ತಿಂದಿದ್ದ ಕಡಲೆಕಾಯಿಯ ಹಿಂಡಿಯಲ್ಲಿ ಈ ಬೂಷ್ಟಿನ ವಿಷವಿದ್ದಿತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಸೀಮೆಗಳ ಬಡವರು ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ಯಕೃತ್ತಿನ ವ್ಯಾಧಿಗೆ ಗುರಿಯಾದರು. 397 ಮಂದಿ ರೋಗಿಗಳಲ್ಲಿ 106 ಮಂದಿ ಮೃತರಾದರು. ಬೇರೆ ಧಾನ್ಯವನ್ನು ಕೊಳ್ಳಲಾರದವರು ಮನೆಯಲ್ಲಿದ್ದುದನ್ನೇ ಉಂಡರು.

ಇಂತಹ ಜಾತಿಯನ್ನು ದುಷ್ಟವೆಂದು ನಿರ್ಣಯಿಸಲು ಇನ್ನೇನು ಬೇಕು? ಆದರೆ ಶೋಧಕರು ಮಣ್ಣನ್ನು ಪರೀಕ್ಷಿಸಲಾಗಿ, ಒಂದೇ ಹೊಲದಲ್ಲಿ ಈ ಒಂದೇ ಜಾತಿಯ ಅನೇಕ ವಂಶಗಳು ಕಂಡುಬಂದುವು. ಕೆಲವು ವಿಷವನ್ನು ಹೇರಳವಾಗಿ ಮಾಡುವುವು, ಕೆಲವು ಅತ್ಯಲ್ಪವಾಗಿ, ಕೆಲವು ಎಳ್ಳಷ್ಟೂ ಇಲ್ಲ. ಕಣ್ಣಿಗೆ ಎಲ್ಲವೂ ಬಹುಮಟ್ಟಿಗೆ ಒಂದೇ. ಒಂದರ ಎಳೆ ಸ್ವವಂಶದ ಎಳೆಯೊಡನೆ ಕೂಡಿಕೊಳ್ಳುವುದು; ಅನ್ಯವಂಶದ್ದರೊಡನೆ ಬೆಸೆದರೆ ಬೆಸೆದೆಡೆಯ ಕಣಗಳು ಸಾಯುವುವು. (ಇಂತಹ ಕಟ್ಟಳೆಗಳನ್ನು ಕಲ್ಪಿಸಿದವರು ನಾವೇ ಎಂಬ ಹೆಮ್ಮೆ ನಮಗೆ ಬೇಡ.) ಜಪಾನಿನವರು ಸೋಯಾ ರಸವನ್ನೂ ಅಕ್ಕಿಯ ಮದ್ಯವನ್ನೂ ಹುದುಗಿಸುವ ಆಸ್ಪರ್ಜಿಲಸ್ ಒರೈಜೆ ಎಂಬುದು ಇದೇ ಕುಲದಿಂದ ಬಂದು, ಮನುಷ್ಯನ ಆಶ್ರಯದಲ್ಲಿ ಸಾಧುವಾದುದು. ವಿಷವನ್ನು ಮಾಡುವ ವಂಶವಾಹಿಗಳು ಅದರಲ್ಲಿಯೂ ಬಹುಮಟ್ಟಿಗೆ ಇರುವುವು, ಆದರೆ ಅವು ಕೆಲಸ ಮಾಡವು. 2006ರಲ್ಲಿ ಆ ದೇಶದ ಮದ್ಯಶಾಸ್ತ್ರಜ್ಞರ ಸಂಘವು ಅದನ್ನು ರಾಷ್ಟ್ರದ ಶಿಲೀಂಧ್ರವೆಂದು ಸಾರಿತು.

ಆದುದರಿಂದ ದೋಷವು ವ್ಯಕ್ತಿಯದೇ ಎಂದು ಬೇಗನೆ ತೀರ್ಮಾನಿಸುವವರಿಗೆ ಗೃಹಿಣಿಯು ಒಂದು ಆಕ್ಷೇಪವನ್ನು ತರುವಳು. ಬೂಷ್ಟು ಹಿಡಿದ ಕಡಲೆಕಾಯಿಯ ವಂಶಾವಳಿಯನ್ನು ಆಕೆ ವಿಚಾರಿಸಬೇಕೇ? ಹುರಿದರೂ ಈ ವಿಷವು ಪೂರ್ತಿಯಾಗಿ ಹೋಗದು. ಎಸೆಯುವುದೇ ನ್ಯಾಯ. ನನ್ನ ಬುದ್ಧಿಗೆ ತೋರುವ ಸಮಾಧಾನವಿಷ್ಟು: ಎಚ್ಚರಿಕೆಯು ಜಾತಿಯನ್ನು ನೋಡಿ ನಡೆಯಬಹುದು, ನಿಂದೆಯು ನಡೆಯಲಾಗದು. ಎಸೆದ ಕಾಯಿಯು ನಿರ್ದೋಷಿಯಾಗಿದ್ದರೆ ನಷ್ಟವು ಒಂದು ಕಾಯಿಯದು. ಮನುಷ್ಯನನ್ನು ಹಾಗೆ ಎಸೆಯುವವನಾದರೋ ಆ ನಷ್ಟವನ್ನು ತನ್ನ ಲೆಕ್ಕದಲ್ಲಿ ಬರೆಯುವುದೇ ಇಲ್ಲ. ತನ್ನ ಭಯಕ್ಕೆ ಶಾಸ್ತ್ರವೆಂದು ಹೆಸರಿಟ್ಟು ಸುಮ್ಮನಾಗುವನು.

ವಿಚಾರವು ಇಲ್ಲಿಗೆ ಮುಗಿಯದು. ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ವಿಷವಿಲ್ಲದ ಒಂದು ವಂಶವನ್ನು ಆರಿಸಿ, ಮೊಳೆಯದಂತೆ ಮಾಡಿದ ಧಾನ್ಯದ ಮೇಲೆ ಬೆಳೆಸಿ, ಹತ್ತಿಯ ಹೊಲಗಳಲ್ಲಿ ಚೆಲ್ಲಿದರು. ಅದು ವಿಷಮಯವಾದ ದಾಯಾದಿಗಳಿಗಿಂತ ಮುಂಚೆ ಬೆಳೆಯನ್ನು ಆಕ್ರಮಿಸುವುದು, ವಿಷವು ತಗ್ಗುವುದು. 2003ರಲ್ಲಿ ಅಲ್ಲಿಯ ಸರಕಾರವು ಇದಕ್ಕೆ ಅನುಮತಿಯಿತ್ತಿತು. ಈ ಉಪಕಾರಿಗೆ ನಾವು ಸದ್ಗುಣಿಯೆಂಬ ಬಿರುದನ್ನು ಕೊಡೋಣವೇ? ಪರೀಕ್ಷಿಸಲಾಗಿ ತಿಳಿದುದೇನೆಂದರೆ, ವಿಷಕ್ಕೆ ಬೇಕಾದ ಸುಮಾರು 25 ವಂಶವಾಹಿಗಳ ಸಾಲಿನಲ್ಲಿ ಒಂದರ ಒಂದೇ ಅಕ್ಷರವು ವ್ಯತ್ಯಾಸವಾಗಿ, ಅದರ ಕೆಲಸವು ನಡುವೆಯೇ ನಿಂತುಹೋಗಿದೆ. ಹಿಂಸೆ ಮಾಡಲಾರದವನ ಅಹಿಂಸೆಯಂತೆ ಇದೂ ಒಂದು ಊನವೇ. ಹೊಗಳಿಕೆಯನ್ನು ಇದಕ್ಕೆ ಸಲ್ಲಿಸುವುದಾದರೆ, ಅದರ ಸೋದರರ ಮೇಲೆ ಹೊರಿಸಿದ ನಿಂದೆಯೂ ಅಷ್ಟೇ ದುರ್ಬಲವಾಗುವುದು. ಅಕ್ಷರವು ಕೆಡದೆ ಉಳಿದುದು ಅವುಗಳ ಅಪರಾಧವೇ?

ಮತ್ತೂ ಒಂದು ಸಂಗತಿ. ಇದೇ ವಂಶವು ಅಫ್ಲಾಟಾಕ್ಸಿನ್ನನ್ನು ಮಾಡದಿದ್ದರೂ ಸೈಕ್ಲೋಪಿಯಜೋನಿಕ್ ಆಮ್ಲವೆಂಬ ಇನ್ನೊಂದು ವಿಷವನ್ನು ಮಾಡಬಲ್ಲುದು. ಅದು ಇದರಷ್ಟು ಘೋರವಲ್ಲ, ಆದರೂ ವಿಷವೇ. ಇವೆರಡನ್ನೂ ಮಾಡದ ಬೇರೊಂದು ವಂಶವನ್ನು ಅದೇ ದೇಶದವರು ಕಡಲೆಕಾಯಿಯ ಹೊಲಗಳಿಗೆ ಆರಿಸಿಕೊಂಡರು. ವ್ಯಕ್ತಿಯನ್ನೇ ನೋಡಿ ನಿರ್ಣಯಿಸುವೆನೆಂದು ಹೊರಟವನು ವ್ಯಕ್ತಿಯಲ್ಲಿಯೂ ಯಾವ ವಿಷವನ್ನು ಕುರಿತು ಕೇಳುತ್ತಿರುವೆನೆಂದು ಮೊದಲು ಹೇಳಬೇಕಾಗುವುದು.