ಸಮಾಧಾನ ಯಾರಿಗೆ?

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ದಂಡೆಯ ಹಳ್ಳಿಗಳಿಗೆ ನುಗ್ಗಿದಳು. ನಮ್ಮ ಶಾಲೆ ಗಂಜಿ ಕೇಂದ್ರವಾಯಿತು. ನನ್ನ ನಾಲ್ಕನೇ ಇಯತ್ತೆಯ ಕೋಣೆಯಲ್ಲಿ ಆರು ಕುಟುಂಬಗಳು. ಒಬ್ಬ ಹೆಣ್ಣುಮಗಳು ಮಾತ್ರ ಸದಾ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದಳು. ಊಟ ಬಡಿಸುತ್ತ ನಾನೂ ಎಲ್ಲರಂತೆ ಅಂದೆ: “ಜೀವ ಉಳೀತಲ್ಲವಾ, ಅದ ದೊಡ್ಡದು. ಮರೆತುಬಿಡು.” ಅವಳು ತಲೆಯಾಡಿಸಿದಳು. ರೊಟ್ಟಿ ಮುಟ್ಟಲಿಲ್ಲ.

ಮರುದಿನ ಬಂದವರದು ಬೇರೆ ರೀತಿ. “ಏನೇನಾಯ್ತು ಹೇಳಮ್ಮ” ಎಂದರು. ಅವಳು ಅತ್ತಳು, ಅವರು ಹೋದರು. ಸಂಜೆ ಇನ್ನೊಂದು ಗುಂಪು, ಮತ್ತೆ ಅದೇ ಪ್ರಶ್ನೆ.

ಮರೆ ಎನ್ನುವುದೂ ತಪ್ಪು, ನೆನೆ ಎನ್ನುವುದೂ ತಪ್ಪು ಎಂದರೆ ನೊಂದವರ ಎದುರು ನಾವು ಮಾಡಬೇಕಾದದ್ದೇನು?

ಮೂರನೆಯ ದಿನ ನಾನು ಅಕ್ಕಿ ಹಸನು ಮಾಡುತ್ತಿದ್ದೆ. ಅವಳು ಬಂದು ತಾನೂ ಒಂದು ಮೊರ ಎಳೆದುಕೊಂಡಳು. ಎಷ್ಟೋ ಹೊತ್ತಿನ ಮೇಲೆ, “ಎಮ್ಮಿ ಕಣ್ಣಿ ಬಿಚ್ಚಲಿಲ್ರೀ ಅಕ್ಕೋರ. ಅದು ನನ್ನ ನೋಡಾಕಹತ್ತಿತ್ತು” ಎಂದಳು. ‘ನಿನ್ನ ತಪ್ಪಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಆಡಿದರೆ ಹಗುರಾಗುವವಳು ನಾನು, ಅವಳಲ್ಲ ಎನಿಸಿತು. “ಎಷ್ಟು ವರ್ಷ ಸಾಕಿದ್ದಿ?” ಎಂದಷ್ಟೇ ಕೇಳಿದೆ. ಅವಳು ದೀಪ ಹಚ್ಚುವ ಹೊತ್ತಿನವರೆಗೂ ಎಮ್ಮೆಯ ಕಥೆ ಹೇಳಿದಳು. ಆ ರಾತ್ರಿ ಅರ್ಧ ರೊಟ್ಟಿ ತಿಂದಳು.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯೊಂದನ್ನು ಆಮೇಲೆ ಓದಿದೆ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. ಮಾತು ಬೇಡವೆನ್ನುವವರನ್ನು ಒತ್ತಾಯಿಸಬೇಡಿ ಎನ್ನುವುದೇ ಅದರ ಸಾರ. ಓದುವಾಗ ಆ ಮೊರ ಕಣ್ಣ ಮುಂದೆ ಬಂತು.

ಹಾಗೆಂದು ಕಿವಿಗೊಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದಲ್ಲ. ತಮ್ಮವರು, ಅನ್ನ, ಸೂರು ಸಿಕ್ಕರೆ ಬಹಳ ಜನ ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ತಗಡಿನ ಶೆಡ್ಡಿನಲ್ಲಿ ಪರಿಹಾರಕ್ಕೆ ಕಾಯುವವಳಿಗೆ ಬರೀ ‘ಧೈರ್ಯವಾಗಿರು’ ಎಂದರೆ ಅದು ಔಷಧವಾಗದು. ಇನ್ನು ಕೆಲವರಿಗೆ ವಾರಗಟ್ಟಲೆ ನಿದ್ದೆ ಇರುವುದಿಲ್ಲ, ಮಕ್ಕಳ ಮೇಲೂ ಗಮನವಿರುವುದಿಲ್ಲ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯದೆ ವೈದ್ಯರ ಬಳಿ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ‘ಜನ ಏನಂದಾರು’ ಎಂದು ಮುಚ್ಚಿಡುವುದು ಮರ್ಯಾದೆಯಲ್ಲ, ಕ್ರೌರ್ಯ.

ಈಗಲೂ ಸಾಂತ್ವನದ ಮಾತು ಬಾಯಿಗೆ ಬಂದಾಗ ಒಂದು ಕ್ಷಣ ತಡೆಯುತ್ತೇನೆ. ಇದು ಅವಳಿಗೋ, ನನಗೋ?